ಚರ್ಮದ ಕ್ಯಾನ್ಸರ್ ಪತ್ತೆಗೆ ‘ಅಯಾನ್ ಚಾನೆಲ್’ ಪ್ರೋಟೀನ್: ಏನಿದು? ಅಂಗಾಲಿನ ಕಪ್ಪು ಮಚ್ಚೆ ಯಾವಾಗ ತೋರಿಸಬೇಕು?

ಮಂಡ್ಯ: ಅಂಗಾಲಲ್ಲಿ ಕಪ್ಪು ಕಲೆ ಕಂಡ್ರೆ ನಮ್ ಕಡೆ ಮೊದಲು ಬರೋ ಮಾತು, ‘ಮುಳ್ಳು ಚುಚ್ಚಿರಬೇಕು, ಏನೂ ಆಗಕಿಲ್ಲ ಬುಡು’. ಬಹಳ ಸಲ ಆ ಮಾತು ನಿಜಾನೇ. ಆದರೆ ನಿಜ ಅಲ್ಲದ ಒಂದು ಸಲ ಅದು ಕಾಲನ್ನೇ ತೆಗೆಸಬಹುದು, ಜೀವಕ್ಕೂ ಕುತ್ತು ತರಬಹುದು.

ಮೊನ್ನೆ ಮದ್ದೂರಿನಲ್ಲಿ ಅಂಗಡಿ ಮುಂದೆ ಕೂತಿದ್ದ ಹಿರಿಯರೊಬ್ಬರು ಮೊಬೈಲ್ ತೋರಿಸಿ, ‘ಏನ್ ಮಗಾ, ಚರ್ಮದ ಕ್ಯಾನ್ಸರ್‌ಗೆ ಯಾವ್ದೋ ಪ್ರೋಟೀನ್ ಟೆಸ್ಟ್ ಬಂದೈತಂತೆ, ರಕ್ತ ಕೊಟ್ರೆ ಸಾಕಂತೆ, ನಿಜವಾ?’ ಅಂದರು. ಅರ್ಧ ನಿಜ, ಅರ್ಧ ಅಲ್ಲ. ಪೂರ್ತಿ ವಿವರ ಇಲ್ಲಿದೆ.

ಅಯಾನ್ ಚಾನೆಲ್ ಅಂದ್ರೆ ಏನು?

ನಮ್ಮ ಮೈಯ ಪ್ರತಿ ಜೀವಕೋಶಕ್ಕೂ ಒಂದು ತೆಳುವಾದ ಪೊರೆ ಇರುತ್ತೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ಲೋರೈಡ್ ಕಣಗಳು ಆ ಪೊರೆಯನ್ನು ಸುಮ್ಮನೆ ದಾಟೋಕಾಗಲ್ಲ. ವಿದ್ಯುತ್ ಆವೇಶ ಇರುವ ಇಂಥ ಕಣಗಳಿಗೆ ಅಯಾನ್ ಅಂತಾರೆ. ಇವು ಒಳಗೆ ಹೊರಗೆ ಓಡಾಡೋಕೆ ಪೊರೆಯಲ್ಲಿ ಪ್ರೋಟೀನಿನಿಂದ ಆದ ಸಣ್ಣ ದಾರಿಗಳಿವೆ. ಅವೇ ಅಯಾನ್ ಚಾನೆಲ್.

ನಮ್ಮ ಜಿಲ್ಲೆಯವರಿಗೆ ಇದು ಅರ್ಥವಾಗೋದು ಸುಲಭ. ವಿ.ಸಿ. ನಾಲೆಯಲ್ಲಿ ನೀರು ಎಷ್ಟೇ ಇದ್ದರೂ ತೂಬು ತೆಗೆದರೆ ತಾನೇ ಗದ್ದೆಗೆ ನೀರು? ಚಾನೆಲ್ ಕೂಡ ತೂಬಿನ ಹಾಗೆ. ಒಂದೊಂದು ತೂಬು ಒಂದೊಂದು ಕಾರಣಕ್ಕೆ ತೆರೆಯುತ್ತೆ. ಕೆಲವು ವಿದ್ಯುತ್ ಬದಲಾವಣೆಗೆ, ಕೆಲವು ಬಿಸಿಗೆ, ಕೆಲವು ಒತ್ತಡಕ್ಕೆ. ಹಸಿಮೆಣಸಿನಕಾಯಿ ಕಚ್ಚಿದಾಗ ಬಾಯಿ ಉರಿಯೋದು ಟಿಆರ್‌ಪಿವಿ-1 ಅನ್ನೋ ಚಾನೆಲ್ ತೆರೆಯೋದರಿಂದ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್, ಒತ್ತಡದ ಚಾನೆಲ್ ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್, ಇಬ್ಬರಿಗೂ 2021ರಲ್ಲಿ ನೊಬೆಲ್ ಬಂತು.

ಕ್ಯಾನ್ಸರ್‌ಗೂ ಇದಕ್ಕೂ ಏನು ಸಂಬಂಧ?

ಜೀವಕೋಶ ಎರಡಾಗೋದು, ಜಾಗ ಬದಲಿಸೋದು, ವಯಸ್ಸಾದಾಗ ಸಾಯೋದು, ಎಲ್ಲದರಲ್ಲೂ ಈ ತೂಬುಗಳ ಕೆಲಸ ಇದೆ. ಕ್ಯಾನ್ಸರ್ ಕೋಶದಲ್ಲಿ ಲೆಕ್ಕ ತಪ್ಪುತ್ತೆ. ಕೆಲವು ಚಾನೆಲ್‌ಗಳು ಜಾಸ್ತಿ ಆಗ್ತವೆ, ಕೆಲವು ಮಾಯ ಆಗ್ತವೆ. ಹಾಗಿದ್ದರೆ ಅವನ್ನು ಎಣಿಸಿ ರೋಗ ಗುರುತಿಸಬಹುದಾ ಅನ್ನೋದು ವಿಜ್ಞಾನಿಗಳ ಪ್ರಶ್ನೆ.

ಚರ್ಮದ ಕ್ಯಾನ್ಸರ್ ವಿಷಯದಲ್ಲಿ ಹೆಚ್ಚು ಚರ್ಚೆಯಾಗಿರೋದು ಟಿಆರ್‌ಪಿಎಂ-1. ಇದರ ಇನ್ನೊಂದು ಹೆಸರು ಮೆಲಾಸ್ಟಾಟಿನ್. ಚರ್ಮಕ್ಕೆ ಬಣ್ಣ ಕೊಡೋ ಕೋಶಗಳಲ್ಲಿ ಇದು ಇರುತ್ತೆ. ಅದೇ ಕೋಶಗಳಿಂದ ಹುಟ್ಟೋ ಕ್ಯಾನ್ಸರ್‌ಗೆ ಮೆಲನೋಮ ಅಂತಾರೆ. ಚರ್ಮದ ಕ್ಯಾನ್ಸರ್‌ಗಳಲ್ಲಿ ಬೇಗ ಹರಡೋದು, ಹೆಚ್ಚು ಅಪಾಯದ್ದು ಇದೇ. 1998ರಲ್ಲಿ ಇಲಿಗಳ ಮೆಲನೋಮ ಕೋಶಗಳನ್ನು ಪರೀಕ್ಷಿಸಿದಾಗ, ಹೆಚ್ಚು ಹರಡುವ ಕೋಶಗಳಲ್ಲಿ ಟಿಆರ್‌ಪಿಎಂ-1 ಕಡಿಮೆ ಇರೋದು ಕಂಡಿತು. 2001ರಲ್ಲಿ ರೋಗಿಗಳ ಗೆಡ್ಡೆಗಳನ್ನು ನೋಡಿದಾಗಲೂ, ಇದು ಅಳಿಸಿಹೋಗಿದ್ದ ಗೆಡ್ಡೆಗಳು ಮುಂದೆ ಹರಡುವ ಸಾಧ್ಯತೆ ಹೆಚ್ಚು ಅಂತ ಗೊತ್ತಾಯ್ತು. ಅಂದ್ರೆ ತೂಬು ಕಾಣೆಯಾದ್ರೆ ಹುಷಾರಾಗಿರಬೇಕು ಅಂತ ಅರ್ಥ.

ಹಾಗಾದ್ರೆ ರಕ್ತದ ಟೆಸ್ಟ್ ಬಂದಿದೆಯಾ?

ಇಲ್ಲ. ಮೇಲೆ ಹೇಳಿದ ಸಂಶೋಧನೆ ನಡೆದದ್ದು ಕೊಯ್ದು ತೆಗೆದ ಗೆಡ್ಡೆಯ ಚೂರಿನ ಮೇಲೆ, ರಕ್ತದ ಮೇಲಲ್ಲ. ಅಯಾನ್ ಚಾನೆಲ್ ನೋಡಿ ಚರ್ಮದ ಕ್ಯಾನ್ಸರ್ ಇದೆ ಅಥವಾ ಇಲ್ಲ ಅಂತ ಹೇಳೋ ಪರೀಕ್ಷೆ ಆಸ್ಪತ್ರೆಗಳ ದಿನನಿತ್ಯದ ಬಳಕೆಯಲ್ಲಿ ಇಲ್ಲ. ಇನ್ನೊಂದು ವಿಷಯ: ಮೆಲನೋಮ ಬಗ್ಗೆ ಹೆಚ್ಚಿನ ಅಧ್ಯಯನ ಆಗಿರೋದು ಬಿಳಿ ಚರ್ಮದವರಲ್ಲಿ, ಬಿಸಿಲಿನಿಂದ ಬರೋ ಗೆಡ್ಡೆಗಳ ಮೇಲೆ. ನಮ್ಮವರ ಅಂಗಾಲಿನಲ್ಲಿ ಬರೋ ಮೆಲನೋಮದ ಜೀನ್ ಬದಲಾವಣೆಗಳೇ ಬೇರೆ. ಅಲ್ಲಿ ಸರಿ ಹೋದ ಗುರುತು ಇಲ್ಲೂ ಸರಿ ಹೋಗುತ್ತಾ ಅಂತ ನಮ್ಮವರಲ್ಲೇ ಪರೀಕ್ಷಿಸಿ ನೋಡಬೇಕು.

ಆದ್ದರಿಂದ ‘ಪ್ರೋಟೀನ್ ಟೆಸ್ಟ್’ ಅಂತ ಹೇಳಿ ಯಾರಾದರೂ ದುಡ್ಡು ಕೇಳಿದರೆ, ಮೊದಲು ಚರ್ಮರೋಗ ತಜ್ಞರನ್ನು ಕೇಳಿ. ಇವತ್ತಿಗೂ ಖಚಿತ ಪರೀಕ್ಷೆ ಬಯಾಪ್ಸಿ. ಮಚ್ಚೆ ಅಥವಾ ಅದರ ಚೂರನ್ನು ತೆಗೆದು ಪೆಥಾಲಜಿಸ್ಟ್ ಮೈಕ್ರೋಸ್ಕೋಪ್‌ನಲ್ಲಿ ನೋಡ್ತಾರೆ. ಅನುಮಾನ ಇದ್ದರೆ ಎಸ್-100, ಮೆಲಾನ್-ಎ ಅನ್ನೋ ಗುರುತು ಪ್ರೋಟೀನ್‌ಗಳಿಗೆ ಬಣ್ಣ ಹಾಕಿ ಖಾತ್ರಿ ಮಾಡ್ಕೋತಾರೆ. ಗುರುತು ಪ್ರೋಟೀನ್ ಅನ್ನೋದು ಹೊಸದಲ್ಲ. ಅಯಾನ್ ಚಾನೆಲ್‌ಗಳು ಮುಂದೆ ಈ ಪಟ್ಟಿಗೆ ಸೇರಬಹುದು, ಅಷ್ಟೇ.

‘ಕಬ್ಬಿಣ ತಾಕಿದ್ರೆ ಕ್ಯಾನ್ಸರ್ ಹರಡುತ್ತೆ’ ಅನ್ನೋ ಭಯ ನಮ್ಮಲ್ಲಿ ಬಹಳ. ವೈದ್ಯರು ಸರಿಯಾಗಿ ಮಾಡಿದ ಬಯಾಪ್ಸಿಯಿಂದ ಮೆಲನೋಮ ಹರಡಲ್ಲ. ತಡ ಮಾಡಿದ್ರೆ ಹರಡುತ್ತೆ.

ನಮ್ಮಲ್ಲಿ ಎಲ್ಲಿ ಬರುತ್ತೆ?

ಕಪ್ಪು, ಗೋಧಿ ಬಣ್ಣದ ಚರ್ಮಕ್ಕೆ ಬಿಸಿಲಿನಿಂದ ರಕ್ಷಣೆ ಹೆಚ್ಚು. ಹಾಗಾಗಿ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ. ಮೆಲನೋಮ ಬಂದ್ರೆ ಬಿಸಿಲು ತಾಕದ ಜಾಗದಲ್ಲೇ ಹೆಚ್ಚು: ಅಂಗಾಲು, ಅಂಗೈ, ಉಗುರಿನ ಕೆಳಗೆ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ ಬಂದದ್ದು ಕಾಲಿನ ಹೆಬ್ಬೆರಳ ಉಗುರಿನ ಕೆಳಗೆ. ಮೊದಲು ಫುಟ್‌ಬಾಲ್ ಆಡುವಾಗ ಆದ ಪೆಟ್ಟು ಅಂದುಕೊಂಡಿದ್ದರು. 1977ರಲ್ಲಿ ಮೆಲನೋಮ ಅಂತ ಗೊತ್ತಾಯ್ತು, 1981ರಲ್ಲಿ 36ನೇ ವಯಸ್ಸಿಗೆ ತೀರಿಕೊಂಡರು.

ಇನ್ನೊಂದು ಬಗೆ ಆಲೆಮನೆ ಕೆಲಸದವರು ತಿಳಿದಿರಬೇಕಾದ್ದು. ಕೊಪ್ಪರಿಗೆ ಪಾಕ ಚೆಲ್ಲಿ ಸುಟ್ಟ ಗಾಯ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಿಗೆ ಗೊತ್ತಿಲ್ಲದ್ದೇನಲ್ಲ. ಹಳೇ ಸುಟ್ಟ ಕಲೆ ಎಷ್ಟೋ ವರ್ಷ ಆದಮೇಲೆ ಮತ್ತೆ ಒಡೆದು, ಮಾಯದ ಹುಣ್ಣಾದರೆ ಅದರಲ್ಲಿ ಕ್ಯಾನ್ಸರ್ ಇರಬಹುದು. ಇದಕ್ಕೆ ಮಾರ್ಜೋಲಿನ್ ಹುಣ್ಣು ಅಂತ ಹೆಸರು. ಇದು ಮೆಲನೋಮ ಅಲ್ಲ, ಸಾಮಾನ್ಯವಾಗಿ ಸ್ಕ್ವಾಮಸ್ ಸೆಲ್ ಅನ್ನೋ ಬೇರೆ ಜಾತಿ.

ಯಾವಾಗ ತೋರಿಸಬೇಕು?

* ಮಚ್ಚೆಯ ಒಂದು ಅರ್ಧ ಇನ್ನೊಂದು ಅರ್ಧದ ಹಾಗೆ ಇಲ್ಲದಿದ್ದರೆ
* ಅಂಚು ಸೊಟ್ಟಪಟ್ಟ ಆಗಿದ್ದರೆ, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಇದ್ದರೆ
* 6 ಮಿಲಿಮೀಟರ್‌ಗಿಂತ, ಅಂದ್ರೆ ಹೆಚ್ಚುಕಮ್ಮಿ ಪೆನ್ಸಿಲ್ ದಪ್ಪಕ್ಕಿಂತ ದೊಡ್ಡದಿದ್ದರೆ
* ದಿನ ಕಳೆದಂತೆ ಬೆಳೀತಿದ್ದರೆ, ರಕ್ತ ಬರ್ತಿದ್ದರೆ, ಕೆರೆತ ಇದ್ದರೆ
* ಉಗುರಲ್ಲಿ ಹೊಸದಾಗಿ ಕಪ್ಪು ಗೆರೆ ಬಂದು ಅಗಲ ಆಗ್ತಿದ್ದರೆ, ಕಪ್ಪು ಬಣ್ಣ ಪಕ್ಕದ ಚರ್ಮಕ್ಕೂ ಹರಡಿದ್ದರೆ
* ಆಣಿ, ನರುಳ್ಳೆ, ಸಕ್ಕರೆ ಕಾಯಿಲೆ ಹುಣ್ಣು ಅಂತ ಔಷಧಿ ಮಾಡಿದರೂ ವಾರಗಟ್ಟಲೆ ವಾಸಿಯಾಗದಿದ್ದರೆ

ಇವುಗಳಲ್ಲಿ ಒಂದಿದ್ದರೆ ಕ್ಯಾನ್ಸರ್ರೇ ಅಂತಲ್ಲ. ತೋರಿಸಬೇಕು ಅಂತ. ಅಲ್ಲಿಯವರೆಗೆ ಸುಣ್ಣ-ಸೋಡಾ ಹಚ್ಚಿ ಸುಡೋದು, ಕೂದಲು ಕಟ್ಟಿ ಉದುರಿಸೋದು, ಬ್ಲೇಡಲ್ಲಿ ಕೆತ್ತೋದು ಬೇಡ. ಮೇಲಿನ ಕಪ್ಪು ಹೋದ್ರೂ ಕೆಳಗಿನ ಬೇರು ಉಳಿಯುತ್ತೆ, ಪರೀಕ್ಷೆಗೆ ಚೂರೂ ಸಿಗಲ್ಲ.

ಎಲ್ಲಿ ತೋರಿಸೋದು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಇಲ್ಲವೇ ಮದ್ದೂರು, ಮಳವಳ್ಳಿ ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಮಂಡ್ಯದ ಮಿಮ್ಸ್. ಕ್ಯಾನ್ಸರ್ ಅಂತ ಖಚಿತವಾದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಇದೆ. 1973ರಿಂದ ನಡೀತಿರೋ ಸರ್ಕಾರಿ ಸಂಸ್ಥೆ ಅದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸೌಲಭ್ಯ ಇದೆ. ರೇಷನ್ ಕಾರ್ಡ್, ಆಧಾರ್ ಜೊತೆಯಲ್ಲಿರಲಿ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಕೇಳಿ ತಗೊಳ್ಳಿ.

ಮೆಲನೋಮದಲ್ಲಿ ಮುಂದೇನಾಗುತ್ತೆ ಅನ್ನೋದನ್ನು ಬಹುಪಾಲು ಹೇಳೋದು ಗೆಡ್ಡೆ ಚರ್ಮದೊಳಗೆ ಎಷ್ಟು ಆಳ ಇಳಿದಿದೆ ಅನ್ನೋ ಲೆಕ್ಕ. 1970ರಲ್ಲಿ ಅಮೆರಿಕದ ಪೆಥಾಲಜಿಸ್ಟ್ ಅಲೆಕ್ಸಾಂಡರ್ ಬ್ರೆಸ್ಲೋ ಇದನ್ನು ತೋರಿಸಿಕೊಟ್ಟರು. 1 ಮಿಲಿಮೀಟರ್ ಒಳಗಿದ್ದಾಗ ಸಿಕ್ಕರೆ ಬಹುತೇಕ ಜನ ಆಪರೇಷನ್ ಒಂದರಲ್ಲೇ ಗುಣ ಆಗ್ತಾರೆ. ಆಳಕ್ಕೆ ಹೋದಷ್ಟೂ ಕಷ್ಟ.

ಹೊಸ ಪ್ರೋಟೀನ್ ಟೆಸ್ಟ್ ಬಂದಾಗ ಬರಲಿ. ಅದಕ್ಕೆ ಕಾಯೋದು ಬೇಡ. ಇವತ್ತು ಸಂಜೆ ಕೈಕಾಲು ತೊಳೆದ ಮೇಲೆ ಅಂಗಾಲು ತಿರುಗಿಸಿ ಒಂದು ಸಲ ನೋಡ್ಕೊಳ್ಳಿ. ಮನೆಯಲ್ಲಿ ವಯಸ್ಸಾದವರು ಬಗ್ಗಿ ನೋಡೋಕಾಗಲ್ಲ ಅಂದ್ರೆ ಅವರ ಕಾಲನ್ನು ನೀವೇ ನೋಡಿ.