ಶಿವನಸಮುದ್ರದ ವಿದ್ಯುತ್ತೂ ದುಡಿಯುವವರ ಕಲಿಕೆಯೂ

ಸತ್ತೇಗಾಲದಿಂದ ಕಾವೇರಿಯ ಕಡೆಗೆ ಹೊರಟರೆ ಸಿಗುವುದು ಶಿವನಸಮುದ್ರ. ಹಜರತ್ ಮರ್ದಾನೆ ಗೈಬ್ ದರ್ಗಾಕ್ಕೆ ಹೋಗುವವರು, ರಂಗನಾಥನ ಗುಡಿಗೆ ಹೋಗುವವರು, ಗಗನಚುಕ್ಕಿ, ಭರಚುಕ್ಕಿ ನೋಡಬಂದವರು, ಎಲ್ಲರಿಗೂ ಈ ದಾರಿ ಪರಿಚಿತ. ಜಲಪಾತ ನೋಡಿ ನಾವು ಸಂತೋಷಪಟ್ಟು ಮರಳುತ್ತೇವೆ. ಆದರೆ ಆ ನೀರಿನಿಂದ ವಿದ್ಯುತ್ ತೆಗೆಯುವುದಕ್ಕಾಗಿ, ಉದ್ಯೋಗದಲ್ಲಿದ್ದವರು ಮತ್ತೆ ವಿದ್ಯಾರ್ಥಿಗಳಾದ ಚರಿತ್ರೆಯೊಂದು ಇಲ್ಲಿದೆ. ಅದರ ಕಡೆಗೆ ನಮ್ಮ ಗಮನ ಹೋಗಿರುವುದು ಕಡಿಮೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾವೇರಿಯ ಆಚೆ ದಡ ಮೈಸೂರು ಸಂಸ್ಥಾನದ್ದು. ಸತ್ತೇಗಾಲವಿರುವ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಷ್ಟೇ ಅದು ನಮ್ಮ ರಾಜ್ಯಕ್ಕೆ ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರಿನ ಉಪ ಮುಖ್ಯ ಇಂಜಿನಿಯರ್ ಆಗಿದ್ದವರು ಕೆನಡಾ ಮೂಲದ ಸೇನಾ ಇಂಜಿನಿಯರ್ ಜೋಲಿ ದ ಲಾಟ್‌ಬಿನಿಯರ್. ಇಲ್ಲಿ ಬೀಳುವ ನೀರಿನಿಂದ ವಿದ್ಯುತ್ ತಯಾರಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳಿಸಬಹುದೆಂದು ಅವರು ಲೆಕ್ಕ ಹಾಕಿದರು.

ಆಗ ಈ ವಿದ್ಯೆ ತೀರಾ ಹೊಸದು. ಅಮೆರಿಕದ ನಯಾಗರಾದಿಂದ ಬಫಲೋ ನಗರಕ್ಕೆ ವಿದ್ಯುತ್ ಹರಿದದ್ದು 1896ರಲ್ಲಿ. ಆ ದೂರ ಸುಮಾರು 40 ಕಿಲೋಮೀಟರ್. ಶಿವನಸಮುದ್ರದಿಂದ ಗಣಿಗೆ 147 ಕಿಲೋಮೀಟರ್! ತನಗೆ ಗೊತ್ತಿರುವಷ್ಟು ಸಾಕೆಂದು ಲಾಟ್‌ಬಿನಿಯರ್ ಕೂರಲಿಲ್ಲ. 1899ರಲ್ಲಿ ಯುರೋಪ್, ಅಮೆರಿಕಗಳಿಗೆ ಹೋಗಿ ಅಲ್ಲಿನ ವಿದ್ಯುತ್ ಕೇಂದ್ರಗಳನ್ನು ಕಂಡು, ತಜ್ಞರನ್ನು ವಿಚಾರಿಸಿ ಬಂದರು. ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪೆನಿಯ ಟರ್ಬೈನುಗಳು, ಅಮೆರಿಕದ ಜನರಲ್ ಇಲೆಕ್ಟ್ರಿಕ್ ಕಂಪೆನಿಯ ಜನರೇಟರುಗಳು ಬಂದವು. 1902ರ ಜೂನ್ 30ರಂದು ಗಣಿಗೆ ವಿದ್ಯುತ್ ಹರಿಯಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಬದುಕಿರಲಿಲ್ಲ; 1901ರಲ್ಲೇ ತೀರಿಕೊಂಡಿದ್ದರು. 1905ರಲ್ಲಿ ಬೆಂಗಳೂರಿಗೂ ಬೆಳಕು ಬಂತು. ಇಲ್ಲಿ ಪಡೆದ ಅನುಭವದೊಂದಿಗೆ ಲಾಟ್‌ಬಿನಿಯರ್ ಮುಂದೆ ಕಾಶ್ಮೀರದಲ್ಲಿ ಝೇಲಂ ನದಿಯ ವಿದ್ಯುತ್ ಯೋಜನೆಗೆ ದುಡಿದರು.

ಕಲಿಕೆ ಅಷ್ಟಕ್ಕೇ ಮುಗಿಯಲಿಲ್ಲ. ಶಿವನಸಮುದ್ರದ ವಿದ್ಯುತ್ತು 25 ಸೈಕಲ್‌ನದು. 1948ರಲ್ಲಿ ಆರಂಭವಾದ ಜೋಗದ್ದು 50 ಸೈಕಲ್. ಇವೆರಡನ್ನು ನೇರವಾಗಿ ಜೋಡಿಸಲು ಬರುವುದಿಲ್ಲ. ಹಳೆಯ ಯಂತ್ರದಲ್ಲಿ ನುರಿತವರೂ ಹೊಸದನ್ನು ಕಲಿಯಲೇಬೇಕಾಯಿತು.

ಇಲ್ಲಿ ನಾವು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಲಾಟ್‌ಬಿನಿಯರ್ ಅವರ ಜಿಜ್ಞಾಸೆ ದೊಡ್ಡದು ನಿಜ. ಆದರೆ ಅವರ ಹಿಂದೆ ಒಂದು ಸರಕಾರವಿತ್ತು. ಕಲಿಯಲು ಹೋದ ಕಾಲವನ್ನು ಅದು ಕೆಲಸವೆಂದೇ ಪರಿಗಣಿಸಿತು. ಆ ಭಾಗ್ಯ ಎಲ್ಲ ದುಡಿಯುವವರಿಗೂ ಸಿಕ್ಕಿತೇ?

ವಿದ್ಯುತ್ ತಂತಿಯ ಇನ್ನೊಂದು ತುದಿಯನ್ನು ನೋಡೋಣ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದವು. ನೆಲದ ಆಳದಲ್ಲಿ ಬಂಡೆ ಕೊರೆಯುವುದರಲ್ಲಿ, ಸುರಂಗ ಕುಸಿಯದಂತೆ ಆಧಾರ ಕೊಡುವುದರಲ್ಲಿ ಪಳಗಿದ ಕೈಗಳಿಗೆ ಒಮ್ಮೆಲೇ ಕೆಲಸವಿಲ್ಲದಾಯಿತು. ಅಂದಿನಿಂದ ಅಲ್ಲಿನ ಸಾವಿರಾರು ಜನ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ. ಅವರು ಸೋಮಾರಿಗಳೆಂದು ಯಾರೂ ಹೇಳಲಾರರು. ಗಣಿ ನಡೆಯುತ್ತಿದ್ದಾಗಲೇ ಇನ್ನೊಂದು ಕಸುಬನ್ನು ಕಲಿಯುವ ಬಿಡುವು, ಅದಕ್ಕೆ ಬೇಕಾದ ಕೂಲಿ ಮತ್ತು ಶಾಲೆ ಅವರಲ್ಲಿ ಎಷ್ಟು ಮಂದಿಗೆ ದೊರೆತಿತ್ತು?

ಇದು ಗಣಿಯೊಂದರ ಮಾತಲ್ಲ. ಪೆಟ್ರೋಲ್ ಎಂಜಿನನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸಬಲ್ಲ ಗ್ಯಾರೇಜಿನ ಮೇಸ್ತ್ರಿಯ ಮುಂದೆ ಇಂದು ಬ್ಯಾಟರಿ ಸ್ಕೂಟರ್ ಬಂದು ನಿಂತಿದೆ. ಕೊಳ್ಳೇಗಾಲದ ರೇಷ್ಮೆ ನೇಕಾರ ವಿದ್ಯುತ್ ಮಗ್ಗದೊಂದಿಗೆ ಪೈಪೋಟಿ ನಡೆಸಬೇಕಾಗಿದೆ. ‘ಕಾಲಕ್ಕೆ ತಕ್ಕಂತೆ ಬದಲಾಗಿ’ ಎಂದು ಇವರಿಗೆ ಉಪದೇಶಿಸುವುದು ಸುಲಭ. ಆದರೆ ಕಲಿಯಲು ಹೋದ ದಿನ ಅವರ ಮನೆಯ ಒಲೆ ಉರಿಯುವುದು ಹೇಗೆ?

ಐಟಿಐಗಳಲ್ಲಿ ಮೂವತ್ತು, ನಲವತ್ತು ದಾಟಿದ ಕಸುಬುದಾರರಿಗಾಗಿ ಸಂಜೆಯ ತರಗತಿಗಳು ನಡೆಯಲಿ. ಕಲಿಯುವ ದಿನಗಳಿಗೂ ಮಾಲೀಕರು ಕೂಲಿ ಕೊಡಲಿ. ಮಕ್ಕಳ ಓದಿಗೆ ನೆರವಾಗುವ ನಮ್ಮ ಸಂಘಸಂಸ್ಥೆಗಳು ಅವರ ತಂದೆತಾಯಿಯರ ಕಲಿಕೆಗೂ ಒಂದು ಪಾಲು ತೆಗೆದಿಡಲಿ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಅಧಿಕಾರಿಗೆ ದೊರೆತ ಅನುಕೂಲ ಇಂದು ಒಬ್ಬ ಮೆಕ್ಯಾನಿಕ್‌ಗೂ ದೊರೆಯಬೇಕೆಂದು ಕೇಳುವುದು ಅತಿಯಾಸೆಯೇನಲ್ಲ.