ಪುಣೆಯ ದರ್ಬಾರು, ಹೊಳೆಹೊನ್ನೂರಿನ ಕೋಟೆ

ಸ್ಕಾಟ್ಲೆಂಡಿನ ಪೀಟರ್‌ಹೆಡ್‌ನಲ್ಲಿ 1747ರಲ್ಲಿ ಹುಟ್ಟಿದ ಭಾವಚಿತ್ರಕಾರ ಜೇಮ್ಸ್ ವೇಲ್ಸ್. 1791ರಲ್ಲಿ ಮುಂಬಯಿಗೆ ಬಂದಿಳಿದವನು ಮರುವರ್ಷ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟ್‌ನ ಆಸರೆಯಲ್ಲಿ ಪುಣೆ ಸೇರಿದ. ಪೇಶ್ವೆ ಸವಾಯಿ ಮಾಧವರಾಯ, ನಾನಾ ಫಡ್ನವೀಸ್, ಮಹಾದಜಿ ಶಿಂಧೆ ಎಲ್ಲರ ಮುಖವೂ ಅವನ ಕುಂಚಕ್ಕೆ ಸಿಕ್ಕಿತು. ಅವನ ದಿನಚರಿ, ಕಾಗದಪತ್ರಗಳು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿವೆ.

ಅವನ ಕೆಲಸದ ಜಾಡು ಹಿಡಿದು ಹೊರಟ ನನ್ನನ್ನು ಒಂದು ದರ್ಬಾರಿನ ಚಿತ್ರ ತಡೆದು ನಿಲ್ಲಿಸಿತು. ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ಆ ದೊಡ್ಡ ಚಿತ್ರದ ವಸ್ತು, 1790ರಲ್ಲಿ ಟಿಪ್ಪುವಿನ ವಿರುದ್ಧ ಪೇಶ್ವೆಗೂ ಕಂಪನಿಗೂ ಆದ ಒಪ್ಪಂದ. ಆಗ ವೇಲ್ಸ್ ಭಾರತಕ್ಕೇ ಬಂದಿರಲಿಲ್ಲ! ದರ್ಬಾರಿಗಳನ್ನು ಆಮೇಲೆ ಒಬ್ಬೊಬ್ಬರನ್ನಾಗಿ ಬರೆದಿಟ್ಟುಕೊಂಡ. ಚಿತ್ರ ಮುಗಿಸದೆಯೇ 1795ರಲ್ಲಿ ತೀರಿಕೊಂಡ. ಅವನ ರೇಖಾಚಿತ್ರಗಳನ್ನು ಆಧರಿಸಿ 1805ರಲ್ಲಿ ಅದನ್ನು ಪೂರೈಸಿದವನು ಥಾಮಸ್ ಡೇನಿಯಲ್.

ಆ ಒಪ್ಪಂದದ ಫಲ ಉಂಡವರು ಯಾರು? ಉತ್ತರ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ಪರಶುರಾಮ ಭಾವೂನ ಮರಾಠಾ ದಂಡಿನೊಂದಿಗೆ ಬಂದ ಕಂಪನಿಯ ಕ್ಯಾಪ್ಟನ್ ಲಿಟಲ್‌ನ ಪಡೆಯಲ್ಲಿ ಎಡ್ವರ್ಡ್ ಮೂರ್ ಎಂಬ ಅಧಿಕಾರಿಯಿದ್ದ. 1794ರಲ್ಲಿ ಅವನು ಅಚ್ಚು ಹಾಕಿಸಿದ ದಂಡಯಾತ್ರೆಯ ಕಥನದಲ್ಲಿ ‘ಹೂಲಿ ಓನೋರ್’ ಎಂಬ ಊರು ಬರುತ್ತದೆ. ತುಂಗೆ, ಭದ್ರೆ ಕೂಡುವಲ್ಲಿಗೆ ಸಮೀಪದ ಕೋಟೆಯೂರು ಎಂದರೆ ಅನುಮಾನವೇ ಬೇಡ, ಅದು ಭದ್ರಾವತಿ ತಾಲ್ಲೂಕಿನ ಹೊಳೆಹೊನ್ನೂರು. 1791ರ ಡಿಸೆಂಬರಿನಲ್ಲಿ ಆ ಕೋಟೆ ಬಿತ್ತು. ಅದೇ ತಿಂಗಳ 29ರಂದು ಗಾಜನೂರಿನ ಬಳಿ ಟಿಪ್ಪುವಿನ ಸರದಾರ ರಜಾ ಸಾಹೇಬನ ಸೈನ್ಯ ಸೋತಿತು. ಮೂರ್ ಗಾಯಗೊಂಡದ್ದೂ ಅಲ್ಲಿಯೇ. ಹೊಸ ವರ್ಷದ ಮೊದಲ ದಿನಗಳಲ್ಲೇ ಶಿವಮೊಗ್ಗದ ಕೋಟೆ ಶರಣಾಯಿತು.

1801ರಲ್ಲಿ ಇಲ್ಲಿಗೆ ಬಂದ ಮತ್ತೊಬ್ಬ ಸ್ಕಾಟ್, ವೈದ್ಯ ಫ್ರಾನ್ಸಿಸ್ ಬುಕಾನನ್, ಮರಾಠಾ ದಂಡು ಶಿವಮೊಗ್ಗವನ್ನು ಹಾಳುಗೆಡವಿದ್ದನ್ನೂ ಸಂಗಮದ ಕೂಡಲಿಯ ಮಠವನ್ನೂ ಬಿಡದೆ ದೋಚಿದ್ದನ್ನೂ ಬರೆದಿಟ್ಟಿದ್ದಾನೆ. ಅದೇ ದಂಡಯಾತ್ರೆಯಲ್ಲಿ ಶೃಂಗೇರಿ ಮಠವೂ ಲೂಟಿಯಾಯಿತು. ಶಾರದೆಯ ಮರುಪ್ರತಿಷ್ಠೆಗೆ ನೆರವು ಕೊಡಿಸಿದ ಟಿಪ್ಪುವಿನ ಪತ್ರಗಳು 1916ರಲ್ಲಿ ಮೈಸೂರು ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ ಕೈಗೆ ಸಿಕ್ಕದಿದ್ದರೆ ಆ ಸಂಗತಿ ನಮಗೆ ಇಷ್ಟು ಖಚಿತವಾಗಿ ತಿಳಿಯುತ್ತಿರಲಿಲ್ಲ.

ಪೇಶ್ವೆಯ ಕೊರಳಿನ ಮುತ್ತುಗಳನ್ನೂ ಬಿಡದೆ ಬರೆದ ವೇಲ್ಸ್ ನಿಜಕ್ಕೂ ಕುಶಲಿ. ಆದರೆ ಆ ಒಪ್ಪಂದಕ್ಕೆ ಬೆಲೆ ತೆತ್ತ ಊರುಗಳ ಒಂದು ಮುಖವೂ ಆ ದರ್ಬಾರಿನಲ್ಲಿಲ್ಲ. ಆ ಮುಖಗಳನ್ನು ನಾವೇ ಹುಡುಕಬೇಕು. ಹೊಳೆಹೊನ್ನೂರು, ಕೂಡಲಿ, ಗಾಜನೂರಿನ ಹಳೆಯ ಮನೆಗಳವರಲ್ಲಿ ನನ್ನದೊಂದು ಬಿನ್ನಹ: ಅಟ್ಟದಲ್ಲಿ ಕಡತ, ಓಲೆಗರಿ, ಲೆಕ್ಕಪತ್ರ ಏನಿದ್ದರೂ ರದ್ದಿಗೆ ಹಾಕಬೇಡಿ. ಓದಬಲ್ಲವರಿಗೆ ಒಮ್ಮೆ ತೋರಿಸಿ.