ಮೂಗಿನ ಕೆಳಗೊಂದು ಚಕ್ರ

ಇವತ್ತಿನ ಕಥೆ ಒಂದು ಚಕ್ರದ್ದು. ಸಣ್ಣ ವಿಮಾನ ಇಳಿಸೋದನ್ನ ಅದು ಸುಲಭ ಮಾಡ್ತು, ಜೊತೆಗೇ ಹೊಸ ಥರದ ಅಪಘಾತವನ್ನೂ ತಂತು.

1930ರ ದಶಕದ ಅಮೆರಿಕದ ಖಾಸಗಿ ವಿಮಾನ ನೆನಪಿಸಿಕೊಳ್ಳಿ. ರೆಕ್ಕೆ ಹತ್ತಿರ ಎರಡು ಚಕ್ರ, ಬಾಲದ ಕೆಳಗೆ ಪುಟ್ಟದೊಂದು. ಜೋರಾಗಿ ನೆಲಕ್ಕೆ ಬಿದ್ದರೆ ಬಾಲ ಕುಸಿದು ಮೂಗು ಮೇಲೇಳುತ್ತೆ, ರೆಕ್ಕೆಗೆ ಗಾಳಿ ಸಿಕ್ಕಿ ವಿಮಾನ ಮತ್ತೆ ಎಗರುತ್ತೆ. ಸ್ವಲ್ಪ ಅಡ್ಡ ತಿರುಗಿದರಂತೂ ಹಿಂದಿನ ಭಾರವೇ ಅದನ್ನ ಗಿರ್ರಂತ ಸುತ್ತಿಸಿಬಿಡುತ್ತೆ. ಪೈಲಟ್‌ಗಳು ಇದಕ್ಕೆ ಗ್ರೌಂಡ್ ಲೂಪ್ ಅಂತಾರೆ.

ನಾಸಾಗಿಂತ ಮುಂಚೆ ಇದ್ದ ನಾಕಾ ಸಂಸ್ಥೆಯ ಎಂಜಿನಿಯರ್ ಫ್ರೆಡ್ ವೈಕ್‌ಗೆ ಇದು ಸರಿ ಅನ್ನಿಸಲಿಲ್ಲ. ಸಹೋದ್ಯೋಗಿಗಳ ಜೊತೆ ಬಿಡುವಿನ ವೇಳೆಯಲ್ಲಿ, ಮೂಗಿನ ಕೆಳಗೆ ಚಕ್ರ ಇರೋ ವಿಮಾನ ಕಟ್ಟಿದರು. ಈಗ ಭಾರ ದೊಡ್ಡ ಚಕ್ರಗಳಿಗಿಂತ ಮುಂದೆ. ನೆಲ ಮುಟ್ಟಿದ ತಕ್ಷಣ ಮೂಗು ತಾನೇ ಕೆಳಗಿಳಿಯುತ್ತೆ, ವಿಮಾನ ನೇರ ಓಡುತ್ತೆ. ಮುಂದೆ ಅವರೇ ರೂಪಿಸಿದ ಎರ್ಕೂಪ್ ಅನ್ನೋ ವಿಮಾನ ಯುದ್ಧ ಮುಗಿದ ಮೇಲೆ ಮೇಸೀಸ್‌ನಲ್ಲಿ ಮಾರಾಟಕ್ಕಿತ್ತು. ಹೌದು, ಬಟ್ಟೆಬರೆ ಮಾರೋ ಅದೇ ಮೇಸೀಸ್!

1956ರಲ್ಲಿ ಸೆಸ್ನಾ ಕಂಪನಿ ತನ್ನ 170 ಮಾಡೆಲ್‌ನ ಬಾಲದ ಚಕ್ರ ತೆಗೆದು, ಮೂಗಿಗೆ ಹಾಕಿ, 172 ಅಂತ ಬಿಟ್ಟಿತು. ಈ ಚಕ್ರದ ವ್ಯವಸ್ಥೆಗೆ ಇಟ್ಟ ಹೆಸರು 'ಲ್ಯಾಂಡ್-ಓ-ಮ್ಯಾಟಿಕ್'. ಬಿಕಾಂ ಓದಿದ ನನಗೆ ಇದು ಪಕ್ಕಾ ಮಾರ್ಕೆಟಿಂಗ್ ಅನ್ನಿಸುತ್ತೆ: ಲ್ಯಾಂಡಿಂಗ್ ತಾನಾಗೇ ಆಗುತ್ತೆ ಅನ್ನೋ ಭಾವನೆ ಬರಬೇಕಲ್ಲ! ಇವತ್ತಿಗೆ 44,000ಕ್ಕೂ ಹೆಚ್ಚು 172ಗಳು ತಯಾರಾಗಿವೆ. ಬೇರೆ ಯಾವ ವಿಮಾನವೂ ಇಷ್ಟು ತಯಾರಾಗಿಲ್ಲ. ನಮ್ಮ ಜಕ್ಕೂರಿನ ಫ್ಲೈಯಿಂಗ್ ಸ್ಕೂಲ್‌ನಲ್ಲೂ ಈ ಮಾಡೆಲ್ ಇದೆ.

ಆದರೆ ತಾನಾಗೇ ಏನೂ ಆಗಲ್ಲ. ಇಳಿಯುವ ಏಟು ತಡೆಯಬೇಕಾದ್ದು ಹಿಂದಿನ ಎರಡು ಗಟ್ಟಿ ಚಕ್ರ. ಮೂಗಿನ ಚಕ್ರಕ್ಕೆ ಅಷ್ಟು ತಾಕತ್ತಿಲ್ಲ. ಸ್ಪೀಡ್ ಜಾಸ್ತಿ ಇಟ್ಟುಕೊಂಡು ಬಂದ ಪೈಲಟ್ ವಿಮಾನವನ್ನ ಒತ್ತಿ ನೆಲಕ್ಕಿಳಿಸಿದರೆ ಮೊದಲು ಮೂಗೇ ಬಡಿಯುತ್ತೆ. ವಿಮಾನ ಎಗರುತ್ತೆ. ಗಾಬರಿಯಾಗಿ ಮತ್ತೆ ಒತ್ತುತ್ತಾರೆ, ಮತ್ತೆ ಬಡಿಯುತ್ತೆ, ಈ ಸಲ ಇನ್ನೂ ಜೋರಾಗಿ. ಕೆರೆ ಮೇಲೆ ಎಸೆದ ಚಪ್ಪಟೆ ಕಲ್ಲಿನ ಥರ, ಆದರೆ ಇಲ್ಲಿ ಪ್ರತಿ ನೆಗೆತವೂ ಹಿಂದಿನದಕ್ಕಿಂತ ಕೆಟ್ಟದು. ಕೊನೆಗೆ ಚಕ್ರ ಮುರಿದು ಪ್ರೊಪೆಲ್ಲರ್ ನೆಲಕ್ಕೆ ತಾಗುತ್ತೆ. ಪ್ರೊಪೆಲ್ಲರ್ ಬದಲಾಯಿಸಿದರೆ ಮುಗೀತು ಅಂದುಕೊಳ್ಳಬೇಡಿ, ಎಂಜಿನ್ ಪೂರ್ತಿ ಬಿಚ್ಚಿ ನೋಡಬೇಕು. 172ರಲ್ಲಿ ಮೂಗಿನ ಚಕ್ರ ಎಂಜಿನ್ ಹಿಂದಿನ ಲೋಹದ ಗೋಡೆಗೇ ಜೋಡಿಸಿರೋದರಿಂದ ಆ ಗೋಡೆಯೂ ಸೊಟ್ಟಗಾಗಬಹುದು. ಪೈಲಟ್ ನಡ್ಕೊಂಡೇ ಹೊರಗೆ ಬರ್ತಾರೆ, ಬಿಲ್ ನೋಡಿದಾಗ ಕೂತುಬಿಡ್ತಾರೆ.

ಅದಕ್ಕೇ ಇನ್‌ಸ್ಟ್ರಕ್ಟರ್‌ಗಳು ಮೊದಲಿಂದಲೇ ಹೇಳ್ತಾರೆ: ಎಗರಿದ ವಿಮಾನವನ್ನ ಕೆಳಗೆ ಒತ್ತಬೇಡ, ಪೂರ್ತಿ ಪವರ್ ಕೊಡು, ಮೇಲೆ ಹೋಗು, ಒಂದು ಸುತ್ತು ಹಾಕಿ ಬಂದು ಮತ್ತೆ ಇಳಿಸು.